ಹೊಳೆಯ ಕೆಳಗಿನ ಊರು

ಅವ್ವ ಮೊದಲ ಸಲ ಪುಣೆಗೆ ಬಂದಿದ್ದು ಒಂದು ಮೇ ತಿಂಗಳಲ್ಲಿ. ಲಕ್ಷ್ಮೀ ರಸ್ತೆ ತೋರಿಸಿ, ಒಂದು ಸೀರೆ ಕೊಡಿಸಿ, ವಾಪಸ್ ಬರುವಾಗ ಭಿಡೆ ಪೂಲ್ ಮೇಲಿಂದ ಡೆಕ್ಕನ್ ಕಡೆ ನಡೆಸಿಕೊಂಡು ಹೊರಟಿದ್ದೆ. ಆ ಸೇತುವೆ ಬಹಳ ತಗ್ಗು. ಮಳೆಗಾಲದಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಬೇಗ ಮುಳುಗಿಬಿಡುತ್ತದೆ. ಬೇಸಿಗೆಯಲ್ಲಿ ಮಾತ್ರ ಕೆಳಗೆ ಹರಿಯುವುದೇನು ಅಂತ ತೀರಾ ಹತ್ತಿರದಿಂದ ನೋಡಬಹುದು. ಅವತ್ತು ಹರಿಯುತ್ತಿದ್ದುದು ಕಪ್ಪು ನೀರು. ಅಂಚಿನಲ್ಲಿ ಪ್ಲಾಸ್ಟಿಕ್ ಚೀಲಗಳು, ಕೊಳೆತ ಹೂಮಾಲೆ, ಒಡೆದ ಥರ್ಮಾಕೋಲ್ ಮಂಟಪ.

ಅವ್ವ ಸೆರಗನ್ನು ಮೂಗಿಗೆ ಹಿಡಿದು ನಿಂತಳು.

"ಇದೇನು ಗಟಾರ?"

"ಅಲ್ಲವ್ವ, ಹೊಳಿ. ಮುಠಾ ಅಂತಾರ."

"ಮುಂದ ಎಲ್ಲಿಗಿ ಹೋಗ್ತದ?"

"ಇಲ್ಲೇ ಮುಂದ ಮುಳಾ ಕೂಡ್ತದ. ಆಮ್ಯಾಲ ಎರಡೂ ಸೇರಿ ಭೀಮಾಕ್ಕ ಹೋಗ್ತಾವ."

"ಯಾವ ಭೀಮಾ? ನಮ್ಮ ಭೀಮಾ?"

ಹೂಂ ಅಂದೆ. ಅವ್ವ ಮತ್ತೆ ಕೆಳಗೆ ನೋಡಿದಳು. "ಮತ್ತ ನಾವು ಊರಾಗ ಕುಡಿಯೋದು ಇದೇ ಏನು?"

ಆಗ ನಾನು ಪುಣೆಗೆ ಬಂದು ಹತ್ತು ವರ್ಷವಾಗಿತ್ತು. ನಮ್ಮೂರು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿ, ಭೀಮೆಯ ದಂಡೆಯ ಮೇಲಿದೆ. ಚಿಕ್ಕವಳಿದ್ದಾಗ ಆ ಹೊಳೆಯಲ್ಲಿ ಈಜಿದ್ದೇನೆ. ಮಣ್ಣೆತ್ತಿನ ಅಮಾವಾಸ್ಯೆಗೆ ಅದರ ದಂಡೆಯ ಎರೆಮಣ್ಣು ತಂದು ಎತ್ತು ಮಾಡಿದ್ದೇನೆ. ಪುಣೆಯಲ್ಲಿ ದಿನಾ ಆಫೀಸಿಗೆ ಹೋಗುವಾಗ ಮುಠಾ ದಾಟುತ್ತಿದ್ದೆ. ಎರಡೂ ಒಂದೇ ನೀರಿನ ದಾರಿ ಅಂತ ಶಾಲೆಯಲ್ಲಿ ಓದಿದ್ದೆ. ಆದರೂ ಅವ್ವ ಕೇಳುವವರೆಗೆ ಅದು ಮನಸ್ಸಿಗೆ ತಾಕಿರಲಿಲ್ಲ.

ಆ ರಾತ್ರಿ ನಕ್ಷೆ ಹಿಡಿದು ಕೂತೆ. ಭೀಮೆ ಹುಟ್ಟುವುದು ಸಹ್ಯಾದ್ರಿಯ ಭೀಮಾಶಂಕರದಲ್ಲಿ. ತುಳಾಪುರದಲ್ಲಿ ಇಂದ್ರಾಯಣಿ ಬಂದು ಸೇರುತ್ತದೆ. ಆಳಂದಿಯ ಘಾಟಿನಲ್ಲಿ ಬಿಳಿ ನೊರೆ ತೇಲುವ ಚಿತ್ರ ಪೇಪರಿನಲ್ಲಿ ಬರುತ್ತದಲ್ಲ, ಅದೇ ಇಂದ್ರಾಯಣಿ. ಪಿಂಪ್ರಿ-ಚಿಂಚ್ವಾಡದ ಪವನಾ ಮುಳೆಗೆ ಸೇರುತ್ತದೆ, ಮುಳಾ ಮತ್ತು ಮುಠಾ ಪುಣೆಯ ಸಂಗಮ ಪೂಲ್ ಹತ್ತಿರ ಕೂಡಿ, ದೌಂಡ್‌ಗಿಂತ ಮೊದಲೇ ಭೀಮೆಗೆ ಇಳಿಯುತ್ತವೆ. ಅಲ್ಲಿಂದ ಉಜನಿ ಅಣೆಕಟ್ಟು. ಸೋಲಾಪುರ ಶಹರಕ್ಕೆ ಕುಡಿಯುವ ನೀರು ಹೋಗುವುದು ಉಜನಿಯಿಂದ. ಪಂಢರಪುರದಲ್ಲಿ ವಿಠ್ಠಲನ ಭಕ್ತರಾದ ವಾರಕರಿಗಳು ಮೀಯುವ ಚಂದ್ರಭಾಗೆ ಅಂದರೂ ಇದೇ ಭೀಮೆ. ಆಮೇಲೆ ಇಂಡಿ ತಾಲ್ಲೂಕಿನ ಅಂಚು, ಅಫಜಲಪುರ, ಸೊನ್ನದ ಬ್ಯಾರೇಜು, ಗಾಣಗಾಪುರದ ಸಂಗಮ, ಸನ್ನತಿ, ಯಾದಗಿರಿ, ಕೊನೆಗೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆ.

ಭಿಡೆ ಪೂಲ್ ಕೆಳಗಿನ ಅದೇ ಹನಿ ನಮ್ಮೂರಿನ ಕೊಡದಲ್ಲಿ ಬೀಳುತ್ತದೆ ಅಂತ ನಾನು ಹೇಳುವುದಿಲ್ಲ. ದಾರಿಯಲ್ಲಿ ಉಜನಿಯಂಥ ದೊಡ್ಡ ಹಿನ್ನೀರಿದೆ. ಅಲ್ಲಿ ನೀರು ನಿಲ್ಲುತ್ತದೆ, ಕೆಸರು ತಳಕ್ಕಿಳಿಯುತ್ತದೆ, ಬೇರೆ ಹಳ್ಳಗಳು ಬಂದು ಕೂಡುತ್ತವೆ. ಕಲಬುರಗಿಗೆ ರೈಲಿನಲ್ಲಿ ಹೋಗುವಾಗ ಭಿಗವಣದ ಹತ್ತಿರ ಕಿಟಕಿಯಿಂದ ಆ ನೀರು ಕಾಣುತ್ತದೆ. ಚಳಿಗಾಲದಲ್ಲಿ ಅಲ್ಲಿಗೆ ಫ್ಲೆಮಿಂಗೋಗಳು ಬರುತ್ತವೆ. ಅದನ್ನು ನೋಡಿದರೆ ಸಮಾಧಾನವಾಗುತ್ತದೆ ನಿಜ. ಆದರೆ ಮೇಲಿನ ಊರು ಕೊಳಕು ಬಿಟ್ಟರೆ ಕೆಳಗಿನ ಊರಿಗೆ ಅದನ್ನು ತಡೆಯುವ ದಾರಿಯೇ ಇಲ್ಲ. ಇದು ಮಾತ್ರ ಎಷ್ಟು ನೀರು ಕೂಡಿದರೂ ಬದಲಾಗುವುದಿಲ್ಲ.

ಅಷ್ಟರಲ್ಲಾಗಲೇ ನಾನು ಪರಿಸರದ ಬಗ್ಗೆ ಕಾಳಜಿ ಇರುವವಳು ಅಂತಲೇ ಅಂದುಕೊಂಡಿದ್ದೆ. ಬಟ್ಟೆ ಚೀಲ ಒಯ್ಯುತ್ತಿದ್ದೆ, ಸ್ಟೀಲ್ ಬಾಟಲಿ ಇತ್ತು. ಗಣಪತಿ ಹಬ್ಬಕ್ಕೆ ಮಣ್ಣಿನ ಮೂರ್ತಿಯನ್ನೇ ತಂದು ಮನೆಯ ಬಕೆಟ್‌ನಲ್ಲೇ ಕರಗಿಸುತ್ತಿದ್ದೆವು. ಇವೆಲ್ಲ ಒಳ್ಳೆಯವೇ, ಇವತ್ತೂ ಬಿಟ್ಟಿಲ್ಲ. ಆದರೆ ಇವೆಲ್ಲವೂ ನನ್ನ ಮನೆಯ ಹೊಸ್ತಿಲ ಒಳಗಿನ ಕೆಲಸ. ಹೊಸ್ತಿಲ ಆಚೆ ಏನಾಗುತ್ತದೆ ಅಂತ ನಾನು ನೋಡಿದ್ದು ಒಂದು ಗ್ಲಾಸ್ ಒಡೆದ ಮೇಲೆ.

ಸಿಂಹಗಡ ರಸ್ತೆಯ ನಮ್ಮ ಹೌಸಿಂಗ್ ಸೊಸೈಟಿಗೆ ಬೆಳಿಗ್ಗೆ ಏಳೂವರೆಗೆ ಕಸ ಒಯ್ಯಲು ಒಬ್ಬರು ಬರುತ್ತಾರೆ. ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಮರಾಠಿಯಲ್ಲಿ ಎರಡು ಮಾತು, ಅಷ್ಟೇ. ಒಂದು ದಿನ ರಾತ್ರಿ ಅಡುಗೆಮನೆಯಲ್ಲಿ ಗಾಜಿನ ಲೋಟ ಬಿತ್ತು. ಚೂರುಗಳನ್ನು ಗುಡಿಸಿ, ಒಂದು ತೆಳ್ಳಗಿನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಒಣ ಕಸದ ಬುಟ್ಟಿಯಲ್ಲಿಟ್ಟೆ. ಪೇಪರಿನಲ್ಲಿ ಸುತ್ತಲಿಲ್ಲ, ಮೇಲೆ ಏನೂ ಬರೆಯಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ಅವರು ಬುಟ್ಟಿಯೊಳಗೆ ಕೈ ಹಾಕಿದರು.

"ಯವ್ವೋ!" ಅಂತ ಕೂಗಿದರು.

ಮರಾಠಿಯವರು ನೋವಾದರೆ "ಆಯೀ ಗ" ಅನ್ನುತ್ತಾರೆ. ಯವ್ವೋ ಅನ್ನುವುದು ನಮ್ಮ ಕಡೆಯವರು. ಎಡಗೈ ನಡುಬೆರಳು, ಅದರ ಪಕ್ಕದ ಬೆರಳು, ಎರಡರಿಂದಲೂ ರಕ್ತ ಸುರಿಯುತ್ತಿತ್ತು. ಟವೆಲ್ ಸುತ್ತಿ, ಆಟೊ ಹಿಡಿದು ದವಾಖಾನೆಗೆ ಕರೆದುಕೊಂಡು ಹೋದೆ. ಐದು ಹೊಲಿಗೆ ಬಿದ್ದವು. ಆಟೊದಲ್ಲೇ ಕೇಳಿದೆ, ನಿಮ್ಮೂರು ಯಾವುದು ಅಂತ, ಕನ್ನಡದಲ್ಲಿ. ಅವರಿಗೂ ಆಶ್ಚರ್ಯವಾಯಿತು. ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿ. ಸೋಲಾಪುರ ಜಿಲ್ಲೆಯಾದರೂ ಮನೆಮಾತು ಕನ್ನಡ. 1972ರ ಬರಗಾಲದಲ್ಲಿ ಅವರ ಅತ್ತೆ ಮಕ್ಕಳನ್ನು ಕಟ್ಟಿಕೊಂಡು ಪುಣೆಗೆ ಬಂದು ಚಿಂದಿ ಆಯಲು ಶುರು ಮಾಡಿದ್ದರು. ಇವರು ಮದುವೆಯಾಗಿ ಬಂದ ಮೇಲೆ ಅದೇ ಕೆಲಸ.

ಆರು ವರ್ಷ ದಿನಾ ನನ್ನ ಬಾಗಿಲಿಗೆ ಬಂದಿದ್ದರು. ಅವರ ಭಾಷೆ ನನಗೆ ಗೊತ್ತಾಗಿದ್ದು ನಾನು ಮಾಡಿದ ಗಾಯದಿಂದ. ಇದನ್ನು ಬರೆಯುವಾಗಲೂ ನನಗೆ ಕಷ್ಟವಾಗುತ್ತದೆ. ಅವತ್ತಿನಿಂದ ಅವರನ್ನು ಅಕ್ಕ ಅಂತ ಕರೆಯುತ್ತೇನೆ.

ಕೈ ವಾಸಿಯಾಗುವವರೆಗೆ ಅವರ ಮಗಳು ಬರುತ್ತಿದ್ದಳು. ಅಕ್ಕ ಕೆಳಗೆ ಕಸದ ತಳ್ಳುಗಾಡಿಯ ಪಕ್ಕದಲ್ಲಿ ಕೂತು ಬಲಗೈಯಿಂದಲೇ ಕಸ ಬೇರ್ಪಡಿಸುತ್ತಿದ್ದರು. ನಾನು ಚಹಾ ತಗೊಂಡು ಹೋಗಿ ಸ್ವಲ್ಪ ಹೊತ್ತು ಕೂಡುತ್ತಿದ್ದೆ. ನನಗೆ ಕಸದ ಬಗ್ಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಆ ದಿನಗಳಲ್ಲಿ ಕಲಿತದ್ದು.

ರದ್ದಿಗೆ ರೇಟ್ ಸಿಗುವುದು ಒಣಗಿದ್ದರೆ ಮಾತ್ರ. ಸಾರು ಚೆಲ್ಲಿದ ಪೇಪರ್, ಎಣ್ಣೆ ಹತ್ತಿದ ರಟ್ಟು ಯಾರೂ ಕೊಳ್ಳುವುದಿಲ್ಲ. ಹಸಿ ಕಸ ಒಣ ಕಸ ಒಂದೇ ಬುಟ್ಟಿಗೆ ಹಾಕಿದರೆ ಅವರ ಅವತ್ತಿನ ಗಳಿಕೆಯಲ್ಲಿ ಒಂದು ಪಾಲು ನಾವು ಕಿತ್ತುಕೊಂಡಂತೆ. ಹಾಲಿನ ಪಾಕೀಟು ತೊಳೆದು ಒಣಗಿಸಿ ಕೊಟ್ಟರೆ ಅದಕ್ಕೆ ದುಡ್ಡು ಬರುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡಬಾರದು, ಆ ಚೂರು ಎಲ್ಲಿಗೂ ಸಿಗದೆ ಗಟಾರಕ್ಕೆ, ಹೊಳೆಗೆ ಹೋಗುತ್ತದೆ. ಅರ್ಧ ಸೀಳಿ ಬಿಟ್ಟರೆ ಸಾಕು. ಚಿಪ್ಸ್ ಪಾಕೀಟನ್ನು ಮಾತ್ರ ಭಂಗಾರದವನು, ಅಂದರೆ ಗುಜರಿ ಅಂಗಡಿಯವನು, ಮುಟ್ಟುವುದಿಲ್ಲ. ಪ್ಲಾಸ್ಟಿಕ್, ಬೆಳ್ಳಗಿನ ಲೋಹದ ಪದರ ಎರಡೂ ಅಂಟಿಕೊಂಡಿರುತ್ತವೆ, ಬೇರ್ಪಡಿಸಲು ಬರುವುದಿಲ್ಲ. ಇಲ್ಲಿ ನನ್ನ ನಿಮ್ಮ ಶಿಸ್ತಿನಿಂದ ಏನೂ ಆಗುವುದಿಲ್ಲ. ಅಂಥ ಪಾಕೀಟು ತಯಾರಿಸುವವರೇ ಅದನ್ನು ವಾಪಸ್ ಪಡೆಯುವ ಹೊಣೆ ಹೊರಬೇಕು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳಲ್ಲಿ ಆ ಹೊಣೆಯನ್ನು ಬರೆದೂ ಇಟ್ಟಿದ್ದಾರೆ. ಆದರೂ ಅಕ್ಕನ ಗಾಡಿಯಲ್ಲಿ ಬೆಲೆ ಬಾರದ ಪಾಕೀಟುಗಳ ಗಂಟು ದಿನಾ ಇರುತ್ತದೆ.

ಇನ್ನೊಂದು ವಿಷಯ, ಹೆಂಗಸರು ಕೂಡ ಹೇಳಲು ಹಿಂಜರಿಯುವುದು. ಸ್ಯಾನಿಟರಿ ಪ್ಯಾಡ್. ನಾವು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ ಒಣ ಕಸದಲ್ಲಿ ಬಿಡುತ್ತೇವೆ. ಒಳಗೇನಿದೆ ಅಂತ ಗೊತ್ತಾಗದೆ ಅವರು ಅದನ್ನು ಬಿಚ್ಚುತ್ತಾರೆ, ಬರಿಗೈಯಲ್ಲಿ. ಅದನ್ನು ಪೇಪರಿನಲ್ಲಿ ಸುತ್ತಿ ಮೇಲೆ ಒಂದು ಕೆಂಪು ಚುಕ್ಕೆ ಹಾಕಿ ಬೇರೆಯಾಗಿ ಕೊಡಿ ಅಂತ ಪುಣೆಯ ಈ ಹೆಂಗಸರು ವರ್ಷಗಳಿಂದ ಕೇಳುತ್ತಿದ್ದಾರೆ. ಕೆಂಪು ಪೆನ್ನಿನ ಒಂದು ಚುಕ್ಕೆ. ಅಷ್ಟನ್ನು ಕೊಡಲು ನನಗೆ ಆರು ವರ್ಷ ಹಿಡಿಯಿತು.

ಒಂದು ದಿನ ಅಕ್ಕ ಕುಪ್ಪಸದೊಳಗಿನ ಚೀಲದಿಂದ ಗುರುತಿನ ಚೀಟಿ ತೆಗೆದು ತೋರಿಸಿದರು. ಅವರ ಅತ್ತೆಯದೂ ಮನೆಯಲ್ಲಿ ಹಾಗೇ ಇದೆಯಂತೆ, ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ದೇವರ ಜಗುಲಿಯಲ್ಲಿ ಇಟ್ಟಿದ್ದಾರೆ. ಒಂದು ಚೀಟಿಗೆ ಅಷ್ಟು ಮರ್ಯಾದೆ ಯಾಕೆ ಅಂತ ತಿಳಿಯಬೇಕಾದರೆ ಅದರ ಹಿಂದಿನ ಕಥೆ ಗೊತ್ತಿರಬೇಕು.

ಮೊದಲು ಚಿಂದಿ ಆಯುವ ಹೆಂಗಸರು ಅಂದರೆ ಊರಿನ ಕಣ್ಣಿಗೆ ಕಳ್ಳರು. ಸೊಸೈಟಿಯಲ್ಲಿ ಏನು ಕಳೆದರೂ ಮೊದಲು ಇವರ ಚೀಲ ಸುರಿಸುತ್ತಿದ್ದರು. ಇವರಲ್ಲಿ ಹೆಚ್ಚಿನವರು ದಲಿತ ಹೆಂಗಸರು, ಬರದ ಊರುಗಳಿಂದ ಬಂದವರು. 1990ರ ಹೊತ್ತಿಗೆ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದವರು ವಯಸ್ಕರ ಶಿಕ್ಷಣಕ್ಕೆಂದು ಇವರ ಬಸ್ತಿಗಳಿಗೆ ಹೋದರು. ಅಕ್ಷರ ಕಲಿಸಲು ಹೋದವರಿಗೆ ಈ ಹೆಂಗಸರಿಗೆ ಮೊದಲು ಬೇಕಾದದ್ದು ಬೇರೆಯೇ ಅಂತ ತಿಳಿಯಿತು. ಕಸದ ತೊಟ್ಟಿಯೊಳಗೆ ಇಳಿದು ಆಯುವ ಬದಲು ಮನೆಯಲ್ಲೇ ಬೇರ್ಪಡಿಸಿದ ಕಸ ಕೈಗೆ ಸಿಗಬೇಕು. ಯಾರೂ ಕಳ್ಳಿ ಅನ್ನಬಾರದು. 1993ರಲ್ಲಿ ಪುಣೆಯಲ್ಲಿ ಅವರ ಸಮಾವೇಶವಾಯಿತು. ಹಮಾಲರನ್ನು ಸಂಘಟಿಸಿದ ಬಾಬಾ ಆಢಾವ್ ಅದರ ಬೆನ್ನಿಗೆ ನಿಂತರು. 'ಒಂದು ಊರಿಗೆ ಒಂದೇ ಬಾವಿ' ಅಂತ ಎಲ್ಲ ಜಾತಿಗೂ ನೀರು ತೆರೆಸಲು ಹಳ್ಳಿ ಹಳ್ಳಿ ತಿರುಗಿದವರು ಅವರು. ಅಲ್ಲಿ ಹುಟ್ಟಿದ್ದು ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್. ಕಾಗದ, ಗಾಜು, ತಗಡು ಆಯುವವರ ಸಂಘ. 90ರ ದಶಕದ ನಡುವಿಗೆ ಪುಣೆ ಮಹಾನಗರ ಪಾಲಿಕೆ ಅವರ ಗುರುತಿನ ಚೀಟಿಯನ್ನು ಒಪ್ಪಿಕೊಂಡಿತು. 2008ರಲ್ಲಿ ಈ ಹೆಂಗಸರದೇ ಸಹಕಾರಿ ಸಂಸ್ಥೆ 'ಸ್ವಚ್ಛ' ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡು ಮನೆ ಮನೆಗೆ ಬಂದು ಕಸ ಒಯ್ಯಲು ಶುರು ಮಾಡಿತು. ಇವತ್ತು ಅದರಲ್ಲಿ 3,000ಕ್ಕೂ ಹೆಚ್ಚು ಜನ ಇದ್ದಾರೆ. ಕೂಲಿ ಆಳುಗಳಾಗಿ ಅಲ್ಲ, ಸದಸ್ಯರಾಗಿ.

ಜನರಿಗೆ ಜಾಗೃತಿ ಬರಬೇಕು, ಆಗ ಸಮಾಜ ತಾನೇ ಬದಲಾಗುತ್ತದೆ ಅಂತ ನಾನೂ ಬಹಳ ವರ್ಷ ನಂಬಿದ್ದೆ. ಈಗ ಅಷ್ಟು ನಂಬಿಕೆ ಇಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಓದಿದವರೇ ಎಲ್ಲ. ಪರಿಸರ ದಿನಕ್ಕೆ ಮಕ್ಕಳಿಂದ ಚಿತ್ರ ಬಿಡಿಸುತ್ತಾರೆ. ಕಸ ಮಾತ್ರ ಒಂದೇ ಬುಟ್ಟಿಗೆ ಹೋಗುತ್ತಿತ್ತು. ಅದು ನಿಂತಿದ್ದು ಅಕ್ಕ ಒಂದು ದಿನ ಮೂರನೇ ಮಹಡಿಯ ಬಾಗಿಲಲ್ಲಿ ನಿಂತು "ಕೂಡಿಸಿ ಕೊಟ್ಟರ ನಾ ಒಯ್ಯಂಗಿಲ್ಲ" ಅಂತ ಮರಾಠಿಯಲ್ಲಿ ಖಡಾಖಂಡಿತ ಹೇಳಿ ಬುಟ್ಟಿಯನ್ನು ಅಲ್ಲೇ ಬಿಟ್ಟು ಹೋದ ಮೇಲೆ. ಎರಡು ದಿನ ಗಲಾಟೆಯಾಯಿತು. ಮೂರನೇ ದಿನ ಆ ಮನೆಯ ಬಾಗಿಲಲ್ಲಿ ಎರಡು ಬುಟ್ಟಿ ಇದ್ದವು.

ಹಾಗೆ ನಿಂತು ಹೇಳುವ ಧೈರ್ಯ ಆ ಚೀಟಿಯಿಂದ ಬಂದದ್ದು, ಬೆನ್ನ ಹಿಂದಿನ ಸಾವಿರಾರು ಹೆಂಗಸರಿಂದ ಬಂದದ್ದು. ನಮ್ಮ ಕೊಳಕು ಯಾರ ಮೇಲೆ ಬೀಳುತ್ತದೋ ಅವರಿಗೆ 'ಬೇಡ' ಅನ್ನುವ ಹಕ್ಕು ಸಿಕ್ಕಾಗ ನಾವು ಬದಲಾಗುತ್ತೇವೆ. ನಾನು ಬದಲಾದದ್ದೂ ಹಾಗೇ. ಸುಮ್ನೆ ಓದಿ, ಕೇಳಿ ಬದಲಾಗಲಿಲ್ಲ.

ಪುಣೆಯ ಕಸ ಹೋಗಿ ಬೀಳುತ್ತಿದ್ದ ಉರುಳಿ ದೇವಾಚಿ, ಫುರಸುಂಗಿಯ ಜನ ಮಾಡಿದ್ದೂ ಇದನ್ನೇ. ಅವರ ಬಾವಿಗಳ ನೀರು ಕೆಟ್ಟಿತ್ತು, ಊರೆಲ್ಲ ನೊಣ. 2017ರ ಬೇಸಿಗೆಯಲ್ಲಿ ಕಸದ ಡಿಪೋಗೆ ಬೆಂಕಿ ಹತ್ತಿದಾಗ ಸುಮಾರು ಮೂರು ವಾರ ಒಂದೂ ಕಸದ ಗಾಡಿಯನ್ನು ಒಳಗೆ ಬಿಡಲಿಲ್ಲ. ನಮ್ಮ ರಸ್ತೆಯ ಮೂಲೆಯಲ್ಲಿ ರಾಶಿ ಬಿದ್ದು ನಾರುತ್ತಿತ್ತು. ಆಗ ಎಲ್ಲರೂ ಆ ಹಳ್ಳಿಯವರನ್ನೇ ಬೈದರು. ನನಗೆ ಅವರದೇ ಸರಿ ಅನ್ನಿಸಿತ್ತು. ನಾವು ಮೂರು ವಾರ ಮೂಗು ಮುಚ್ಚಿಕೊಂಡದ್ದನ್ನು ಅವರು ಎರಡು ದಶಕಕ್ಕೂ ಜಾಸ್ತಿ ಅನುಭವಿಸಿದ್ದರು, ಅಲ್ವಾ?

ಅದಾದ ಮೇಲೆ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಹಸಿ ಕಸದ ಮಾತು ಬಂತು. ಹಿಂದೆ ಗೊಬ್ಬರದ ತೊಟ್ಟಿ ಕಟ್ಟಿಸಿ, ವಾಸನೆ ಮತ್ತು ಹುಳ ಅಂತ ಮುಚ್ಚಿಬಿಟ್ಟಿದ್ದರು. ವಾಸನೆ ಬಂದದ್ದು ನೀರು ಜಾಸ್ತಿಯಾಗಿ ಗಾಳಿ ಆಡದೆ ಇದ್ದದ್ದರಿಂದ. ಹಸಿ ಕಸ ಎಷ್ಟೋ ಅಷ್ಟೇ ಒಣ ಎಲೆ ಬೆರೆಸಿ, ಎರಡು ಮೂರು ದಿನಕ್ಕೊಮ್ಮೆ ತಿರುವಿ ಹಾಕಿದರೆ ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆಯೇ ಹೊರತು ನಾತ ಬರುವುದಿಲ್ಲ. ಬೇವಿನ ಹಿಂಡಿ ಸ್ವಲ್ಪ ಉದುರಿಸಿದರೆ ನೊಣ ಕಡಿಮೆಯಾಗುತ್ತದೆ. ನಾನು ಇದನ್ನೆಲ್ಲ ಹೇಳಿದೆ. ಯಾರೂ ಒಪ್ಪಲಿಲ್ಲ. ಮೇಂಟೆನೆನ್ಸ್ ಹೆಚ್ಚುತ್ತದೆ ಅಂದರು.

ಮೊದಲ ಮಹಡಿಯ ಕಾಕಾ ಒಬ್ಬರು ಪ್ರತಿ ವರ್ಷ ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೋಗುತ್ತಾರೆ. ಬಹಳ ಭಕ್ತಿಯವರು. ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದು, ಬಾಟಲಿಯಲ್ಲಿ ತೀರ್ಥ ತಂದು ಎಲ್ಲರ ಮನೆಗೂ ಕೊಡುತ್ತಾರೆ. ನಾನು ಅವರ ಕಡೆ ತಿರುಗಿ ಹೇಳಿದೆ: "ಕಾಕಾ, ಗಾಣಗಾಪುರ ನನ್ನ ತವರಿನ ತಾಲ್ಲೂಕು. ಇಲ್ಲಿಯ ಮುಠಾ, ಅಲ್ಲಿಯ ಭೀಮಾ, ಎರಡೂ ಒಂದೇ ನೀರು. ನಾವು ಇಲ್ಲಿ ಬಿಟ್ಟದ್ದರ ಕಡೆಗೇ ನೀವು ಅಲ್ಲಿ ಕೈಮುಗಿದು ನಿಲ್ಲುತ್ತೀರಿ. ನನ್ನ ಅವ್ವ ಅದನ್ನು ದಿನಾ ಕುಡಿಯುತ್ತಾಳೆ." ಅವರಿಗೆ ಬೇಸರವಾಗಬಹುದು ಅಂತ ಹೆದರಿಕೆ ಇತ್ತು. ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಕೈಯಲ್ಲಿ ಪೊರಕೆ ಹಿಡಿದು ಆವರಣದ ಒಣ ಎಲೆ ಗುಡಿಸಿ ಮೂಲೆಗೆ ರಾಶಿ ಹಾಕುತ್ತಿದ್ದರು. ತೊಟ್ಟಿ ಮತ್ತೆ ಶುರುವಾಯಿತು. ಈಗಲೂ ಅದನ್ನು ತಿರುವಿ ಹಾಕುವವರು ಅವರೇ, ಎಪ್ಪತ್ತೊಂದರ ವಯಸ್ಸಿನಲ್ಲಿ.

ನಮ್ಮ ಒಂದು ಸೊಸೈಟಿಯ ತೊಟ್ಟಿಯಿಂದ ಭೀಮೆ ತಿಳಿಯಾಗುವುದಿಲ್ಲ, ಅದು ನನಗೆ ಗೊತ್ತು. ನದಿಯನ್ನು ಕೆಡಿಸುತ್ತಿರುವುದು ಮುಖ್ಯವಾಗಿ ಚರಂಡಿ ನೀರು. ಖಡಕ್‌ವಾಸ್ಲಾ, ಪಾನಶೇತ್, ವರಸಗಾಂವ್, ಟೇಮಘರ್ ಅಣೆಕಟ್ಟುಗಳ ತಿಳಿ ನೀರನ್ನು ಈ ಊರು ಮೊದಲು ಕುಡಿಯುತ್ತದೆ. ಬಳಸಿದ ಮೇಲೆ ಅದರಲ್ಲಿ ದೊಡ್ಡ ಪಾಲು ಶುದ್ಧವಾಗದೇ ನದಿಗೆ ಬೀಳುತ್ತದೆ. ಇದಕ್ಕಾಗಿ 2016ರಲ್ಲಿ ಜಪಾನಿನ ಸಾಲದ ನೆರವಿನಿಂದ ಸುಮಾರು 990 ಕೋಟಿ ರೂಪಾಯಿಯ ಯೋಜನೆ ಮಂಜೂರಾಯಿತು. 11 ಹೊಸ ಶುದ್ಧೀಕರಣ ಘಟಕಗಳು. ಕೆಲಸ ನೆಲದ ಮೇಲೆ ಕಾಣಿಸಲು ವರ್ಷಗಳೇ ಹಿಡಿದವು. ಅದೇ ಹೊತ್ತಿಗೆ ನದಿಯ ದಂಡೆಗಳನ್ನು 44 ಕಿಲೋಮೀಟರ್ ಉದ್ದ ಕಟ್ಟಿ ಚೆಂದ ಮಾಡುವ ಯೋಜನೆಯೂ ಬಂತು. ಅದಕ್ಕೆ ಮರ ಕಡಿಯುತ್ತಾರೆ ಅಂತ 2023ರ ಏಪ್ರಿಲ್‌ನಲ್ಲಿ ಜನ ಮರಗಳನ್ನು ಅಪ್ಪಿ ನಿಂತರು. ನಾನೂ ಹೋಗಿದ್ದೆ, ಮಗನನ್ನು ಕರೆದುಕೊಂಡು.

ನನ್ನ ಅಭಿಪ್ರಾಯ ಇಷ್ಟು. ಮೊದಲು ನೀರು, ಆಮೇಲೆ ದಂಡೆ. ಕೂತುಕೊಳ್ಳಲು ಮೆಟ್ಟಿಲು, ಓಡಾಡಲು ದಾರಿ ಪುಣೆಯವರಿಗೆ ಸಿಗುತ್ತವೆ. ಕೆಳಗಿನ ಊರಿಗೆ ಹೋಗುವುದು ನೀರು ಮಾತ್ರ. ಮತ್ತೆ, ನದಿಗೆ ಹರಡಿಕೊಳ್ಳಲು ಜಾಗ ಬೇಕು. 2024ರ ಜುಲೈ 25ರಂದು ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಜನರ ಮನೆಯೊಳಗೆ ನೀರು ನುಗ್ಗಿತು. ನಮ್ಮ ಮನೆಯಿಂದ ದೂರವಿಲ್ಲ. ನೀರು ಇಳಿದ ಮೇಲೆ ಹಾಸಿಗೆ, ಗಾದಿ, ಮಕ್ಕಳ ಪುಸ್ತಕ ಎಲ್ಲ ರಸ್ತೆಯ ಮೇಲೆ ಬಿದ್ದಿದ್ದವು. ಎಷ್ಟೋ ವರ್ಷದಿಂದ ನದಿಪಾತ್ರದಲ್ಲಿ ಕಟ್ಟಡ ಒಡೆದ ಅವಶೇಷ ತಂದು ಸುರಿದಿದ್ದನ್ನು ನಾವೆಲ್ಲ ನೋಡಿದ್ದೇವೆ. ನೋಡಿ ಮುಂದೆ ಹೋಗಿದ್ದೇವೆ. ಅಂಥದೇ ದೃಶ್ಯ ನಾನು 2020ರ ಅಕ್ಟೋಬರ್‌ನಲ್ಲಿ ಊರಿನಲ್ಲಿ ನೋಡಿದ್ದೆ. ಉಜನಿಯಿಂದ ನೀರು ಬಿಟ್ಟು ಭೀಮೆ ಉಕ್ಕಿ, ಕಟಾವಿಗೆ ಬಂದ ಬೆಳೆ ನಿಂತಲ್ಲೇ ಕೊಳೆತಿತ್ತು. ನೀರು ಇಳಿದ ಮೇಲೆ ನಮ್ಮ ಹೊಲದ ಬೇಲಿಯ ಜಾಲಿ ಮುಳ್ಳಿಗೆ ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿದ್ದವು. ಅಪ್ಪ ಅವನ್ನು ಒಂದೊಂದೇ ಬಿಡಿಸುತ್ತಿದ್ದರು.

ಅಕ್ಕ ಬಾಗಿಲಲ್ಲಿ ನಿಂತು ಒಯ್ಯಂಗಿಲ್ಲ ಅನ್ನಬಹುದು. ಫುರಸುಂಗಿಯವರು ರಸ್ತೆಗೆ ಅಡ್ಡ ಕೂಡಬಹುದು. ಹೊಳೆ ದಂಡೆಯ ನಮ್ಮೂರು ಎಲ್ಲಿ ನಿಲ್ಲಬೇಕು? ಹೊಳೆಗೆ ಬಾಗಿಲಿಲ್ಲ. ಭೀಮೆಯ ನೀರು ಎಷ್ಟು ಟಿಎಂಸಿ ಯಾರಿಗೆ ಅಂತ ಎರಡು ರಾಜ್ಯಗಳು ಮಾತಾಡುತ್ತವೆ, ಬೇಸಿಗೆ ಬಂದರೆ ನೀರು ಬಿಡಿ ಅಂತ ಪತ್ರ ಬರೆಯುತ್ತವೆ. ಬರುವ ನೀರು ಹೇಗಿರಬೇಕು ಅನ್ನುವ ಮಾತು ಅಷ್ಟು ಜೋರಾಗಿ ಕೇಳಿಸುವುದಿಲ್ಲ. ಆ ಮಾತನ್ನು ಪುಣೆಯಲ್ಲಿ ಇರುವ ನಾವು ಎತ್ತಬೇಕು ಅಂತ ನನಗೆ ಅನ್ನಿಸುತ್ತದೆ. ಕಲಬುರಗಿ, ವಿಜಯಪುರ, ಯಾದಗಿರಿಯಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡುವವರು, ಕಂಪನಿಯಲ್ಲಿ ದುಡಿಯುವವರು, ಅಂಗಡಿ ಇಟ್ಟವರು ಎಷ್ಟೊಂದು ಜನ ಇದ್ದೇವೆ. ನಾವು ಇಲ್ಲಿ ಮತ ಹಾಕುತ್ತೇವೆ, ತೆರಿಗೆ ಕಟ್ಟುತ್ತೇವೆ. ನಮ್ಮ ಅಪ್ಪ ಅವ್ವ ಅಲ್ಲಿ ನೀರು ತುಂಬುತ್ತಾರೆ. ಎರಡೂ ದಡ ಗೊತ್ತಿರುವವರು ನಾವೇ. ವಾರ್ಡಿನ ಸಭೆಗೆ ನಾನು ಈಗ ತಪ್ಪದೆ ಹೋಗುತ್ತೇನೆ. ಶುದ್ಧೀಕರಣ ಘಟಕ ಎಲ್ಲಿಗೆ ಬಂತು ಅಂತ ಪ್ರತಿ ಸಲ ಅದೇ ಪ್ರಶ್ನೆ ಕೇಳುತ್ತೇನೆ. ನಾನು ಬರೀ ಇಲ್ಲಿಯ ನಿವಾಸಿಯಾಗಿ ಕೇಳುವುದಿಲ್ಲ, ಕೆಳಗಿನ ಊರಿನ ಮಗಳಾಗಿ ಕೇಳುತ್ತೇನೆ ಅಂತಲೂ ಹೇಳುತ್ತೇನೆ.

ಈ ಮಳೆಗಾಲದಲ್ಲಿ ಭಿಡೆ ಪೂಲ್ ಮುಳುಗಿದ ದಿನ ಅವ್ವನಿಗೆ ಫೋನ್ ಮಾಡಿದೆ. "ಇಲ್ಲಿ ನೀರು ಬಿಟ್ಟಾರವ್ವ."

"ಇಲ್ಲಿ ಇನ್ನಾ ಹೊಳಿ ಬಂದಿಲ್ಲ. ಬಣ್ಣ ಹೆಂಗದ?"

"ಕೆಂಪ ಅದ. ಮಣ್ಣಿನ ಬಣ್ಣ."

"ಹಂಗಿದ್ರ ಚಲೋ. ಆ ಅಕ್ಕಲಕೋಟಿ ಆಕಿ ಕೈ ಹೆಂಗದ?"

"ಗುಣ ಆಗ್ಯದ. ನಡಬಟ್ಟ ಮಾತ್ರ ಪೂರಾ ಮಡಚಂಗಿಲ್ಲ."

"ದೀಪಾವಳಿಗಿ ಬರ್ತೀ ಅಲಾ, ಆಕಿನ್ನೂ ಕರಕೊಂಡು ಬಾ," ಅಂದಳು ಅವ್ವ. "ಅಕ್ಕಲಕೋಟಿಂದ ನಮ್ಮೂರೇನು ದೂರದ ದಾರಿ ಅಲ್ಲ. ನಾಕ ದಿನ ಇರಲಿ. ಇಲ್ಲಿ ಆಕಿ ಯಾರ ಕಸಾನೂ ಎತ್ತೋದು ಬ್ಯಾಡ, ನಾ ರೊಟ್ಟಿ ಬಡದು ಹಾಕ್ತೀನಿ."